ಎರಡನೇ ಪೀರಿಯಡ್ಡಿನ ಕ್ಯಾಲ್ಕುಲಸ್

ತಿಬೊಡೋ ಅವರ ಮನೆಗೆ ಹದಿನೇಳು ವರ್ಷದಿಂದ ಯಾವ ಸಾಮಾನೂ ಒಂಟಿಯಾಗಿ ಬಂದದ್ದಿಲ್ಲ. ಅವಳಿ ಮಕ್ಕಳು ಹುಟ್ಟಿದ ವಾರವೇ ಲೊರೇನ್ ಒಂದು ನಿಯಮ ಮಾಡಿಕೊಂಡುಬಿಟ್ಟಿದ್ದಳು. ಮಾರ್ಗೊಗೆ ಏನು ಸಿಗುತ್ತದೋ ಏಮರಿಗೂ ಅದೇ, ಏಮರಿಗೆ ಏನೋ ಮಾರ್ಗೊಗೂ ಅದೇ. ಪಿಯಾನೋ ಬೇಡವೆಂದು ಅಳುತ್ತಲೇ ಏಮರಿ ನಾಲ್ಕು ವರ್ಷ ಪಿಯಾನೋ ಕಲಿತ. ಮೀನು ಮುಟ್ಟಲು ಹೇಸುವ ಮಾರ್ಗೊ ಅಪ್ಪನ ಜೊತೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಿಡಿದು ನಡುಗುತ್ತ ಕೂತಳು. ನಮ್ಮ ಬೀದಿಯವರು ಇದನ್ನು ನ್ಯಾಯ ಎನ್ನುತ್ತಿದ್ದರು. ನನ್ನನ್ನು ಕೇಳಿದರೆ ಅದು ಹೆದರಿಕೆ. ಲೊರೇನಳ ತಾಯಿ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳನ್ನು ಮಾತ್ರ ಮೆಚ್ಚಿದ್ದಳು, ಲೊರೇನ್ ಚಿಕ್ಕವಳು.

ಹೈಸ್ಕೂಲಿನ ಕೊನೆಯ ವರ್ಷಕ್ಕೆ ಏನೇನು ಓದಬೇಕೆಂದು ಹಿಂದಿನ ಮಾರ್ಚಿನಲ್ಲೇ ಬರೆದುಕೊಡಬೇಕು. ಗಣಿತದಲ್ಲಿ ಮುಂದಿರುವವರಿಗೆ ಎರಡು ದಾರಿ. ಎ.ಬಿ. ಕ್ಯಾಲ್ಕುಲಸ್ ಆದರೆ ಕಾಲೇಜಿನ ಮೊದಲ ಅರ್ಧ ವರ್ಷದ ಪಾಠವನ್ನು ಇಡೀ ವರ್ಷ ಸಾವಕಾಶವಾಗಿ ಮಾಡುತ್ತಾರೆ. ಬಿ.ಸಿ. ಆದರೆ ಅದರ ಎರಡರಷ್ಟನ್ನು ಅಷ್ಟೇ ದಿನದಲ್ಲಿ ಮುಗಿಸುತ್ತಾರೆ. ಯಾರು ಎಲ್ಲಿಗೆ ಸರಿ ಎಂದು ಆ ವರ್ಷದ ಗಣಿತದ ಮೇಷ್ಟ್ರು ಹೆಸರಿನ ಮುಂದೆ ಬರೆದು ಮನೆಗೆ ಕಳಿಸುತ್ತಾರೆ. ಮಾರ್ಗೊ ಹೆಸರಿನ ಮುಂದೆ ಬಿ.ಸಿ. ಎಂದಿತ್ತು. ಏಮರಿ ಹೆಸರಿನ ಮುಂದೆ ಎ.ಬಿ. ಎಂದಿತ್ತು.

ಲೊರೇನ್ ಆ ಎರಡು ಕಾಗದಗಳನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಮೇಷ್ಟ್ರು ಸುಮ್ಸುಮ್ನೆ ಬರೀತಾರಾ?" ಎಂದ ಅವಳ ಗಂಡ ಗಿಲ್. ಅವನು ಹಡಗುಕಟ್ಟೆಯಲ್ಲಿ ವೆಲ್ಡರ್. ಬೆಸುಗೆ ಚೆನ್ನಾಗಿಲ್ಲ ಎಂದು ಮೇಸ್ತ್ರಿ ಹೇಳಿದರೆ ಬಿಚ್ಚಿ ಮತ್ತೆ ಹಾಕುವವನು.

"ಅವರಿಗೆ ನೂರೈವತ್ತು ಮಕ್ಕಳು ಗಿಲ್. ನನಗಿರೋದು ಇಬ್ಬರೇ."

"ಏಮರಿನ ಕೇಳಿದ್ಯಾ?"

"ಕೇಳೋದೇನಿದೆ? ಅವನ್ನ ಕೇಳಿದ್ರೆ ಓದೇ ಬೇಡ, ದೋಣಿ ಇಂಜಿನ್ ಬಿಚ್ಕೊಂಡು ಕೂತಿರ್ತೀನಿ ಅಂತಾನೆ."

ಮೇಷ್ಟ್ರ ಮಾತನ್ನು ಒಪ್ಪದ ತಂದೆತಾಯಿಗಳಿಗೆ ಎಂದು ಶಾಲೆಯಲ್ಲಿ ಒಂದು ಹಳದಿ ಕಾಗದ ಸಿಗುತ್ತದೆ. ನಮ್ಮ ಜವಾಬ್ದಾರಿಯ ಮೇಲೆ ಮಗುವನ್ನು ಮೇಲಿನ ತರಗತಿಗೆ ಹಾಕಿ ಎಂದು ಅದರಲ್ಲಿ ಬರೆದುಕೊಡಬೇಕು. ಲೊರೇನ್ ಊಟದ ಬಿಡುವಿನಲ್ಲಿ ಶಾಲೆಗೆ ಓಡಿ ಆ ಕಾಗದ ತಂದು, ಕಾರಿನ ಸ್ಟೀರಿಂಗಿನ ಮೇಲೆ ಇಟ್ಟುಕೊಂಡು ರುಜು ಹಾಕಿ, ವಾಪಸು ಕೊಟ್ಟೇ ಕೆಲಸಕ್ಕೆ ಹೋದಳು. ರುಜುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು ಇದ್ದವು. ಅವಳು ಓದಲಿಲ್ಲ.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು. ಬಿ.ಸಿ.ಗೆ ಇದ್ದದ್ದು ಒಂದೇ ತರಗತಿ, ಎರಡನೇ ಪೀರಿಯಡ್ಡು, ಮಿಸ್ ಕಿಂಬಲ್ ಅವರದು. ಹತ್ತೊಂಬತ್ತು ಮಕ್ಕಳಲ್ಲಿ ಇಬ್ಬರು ನಮ್ಮವರು ಎಂದು ಲೊರೇನ್ ತಾನು ಸಹಾಯಕಿಯಾಗಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಗಳಿಗೆಲ್ಲ ಹೇಳಿದಳು. ಅವರು ಎದುರಾಡುವ ಸ್ಥಿತಿಯಲ್ಲಿರಲಿಲ್ಲ.

ಗಿಲ್ ಬೆಳಗಿನ ಜಾವ ನಾಲ್ಕಕ್ಕೇ ಹಡಗುಕಟ್ಟೆಯ ವ್ಯಾನು ಹತ್ತುವವನಾದ್ದರಿಂದ ಆ ಮನೆಯಲ್ಲಿ ಸಂಜೆಯ ಊಟ ಐದಕ್ಕೆ. ಅಡಿಗೆ ಗಿಲ್‌ನ ತಾಯಿ ಕ್ಲೋತಿಲ್ದ್ ಅವರದು, ಮೊಮ್ಮಕ್ಕಳ ಬಾಯಲ್ಲಿ ಮೆಮೇರ್. ಮೂವತ್ತೆಂಟು ವರ್ಷ ಶೂ ಫ್ಯಾಕ್ಟರಿಯಲ್ಲಿ ಚರ್ಮ ಹೊಲಿದ ಕೈ. ಊಟ ಮುಗಿದ ಮೇಲೆ ಮೇಜಿನ ಮೇಲಿನ ಮೇಣಬಟ್ಟೆ ಒರೆಸುವುದೂ ಅವರದೇ. ಒರೆಸಿದ ಮೇಲೆ ಅದೇ ಮೇಜಿಗೆ ಮಕ್ಕಳು ಪುಸ್ತಕ ಹರಡಿಕೊಳ್ಳುತ್ತಿದ್ದರು, ಮಾರ್ಗೊ ಕಿಟಕಿಯ ಕಡೆ, ಏಮರಿ ಒಲೆಯ ಕಡೆ.

ಮೊದಲೆರಡು ವಾರ ಏಮರಿಯ ಕಡೆಯ ಮೇಜು ರಬ್ಬರಿನ ಪುಡಿಯಿಂದ ತುಂಬಿಹೋಗುತ್ತಿತ್ತು. ಬರೆಯುವುದು, ಅಳಿಸುವುದು, ಕಾಗದ ತೂತಾಗುವವರೆಗೂ ಅಳಿಸುವುದು. ಮೆಮೇರ್ ಬಟ್ಟೆ ಹಿಡಿದು ಬಂದು ಮತ್ತೊಮ್ಮೆ ಒರೆಸುತ್ತಿದ್ದರು.

"ಏನ್ಲಾ ಮಗ, ಲೆಕ್ಕ ಮಾಡ್ತಿದ್ಯೋ, ಮೇಜು ತೇಯ್ತಿದ್ಯೋ?"

"ಎರಡೂ ಮೆಮೇರ್. ಮೇಜಾದ್ರೂ ನೈಸ್ ಆಗತ್ತೆ."

ಮೂರನೇ ವಾರ ಒಂದು ದಿನ ಬಟಾಣಿ ಸೂಪು. ಗಿಲ್ ಬ್ರೆಡ್ಡು ಮುರಿದುಕೊಳ್ಳುತ್ತ ಕೇಳಿದ, "ಇವತ್ತೇನ್ ಹೇಳಿಕೊಟ್ರು?"

"ಏಣಿ," ಎಂದಳು ಮಾರ್ಗೊ. "ಹತ್ತಡಿ ಏಣಿ ಗೋಡೆಗೆ ಒರಗಿಸಿದೆ. ಬುಡ ಸೆಕೆಂಡಿಗೆ ಒಂದಡಿ ಹೊರಗೆ ಜಾರ್ತಿದೆ. ತುದಿ ಎಷ್ಟು ಬೇಗ ಕೆಳಗೆ ಬರತ್ತೆ ಅಂತ ಕಂಡುಹಿಡೀಬೇಕು."

"ಜಾರೋವರ್ಗೂ ಸುಮ್ನೆ ನೋಡ್ಕೊಂಡ್ ನಿಂತೋನು ಯಾವನು? ನಮ್ಮ ಹಡಗುಕಟ್ಟೇಲಾಗಿದ್ರೆ ಅವನನ್ನ ಅವತ್ತೇ ಮನೆಗೆ ಕಳಿಸ್ತಿದ್ರು."

ಎಲ್ಲರೂ ನಕ್ಕರು. ಏಮರಿಯೂ ನಕ್ಕ, ಆದರೆ ಅವನ ಸೂಪು ಅರ್ಧಕ್ಕೇ ನಿಂತಿತ್ತು. ಮೂರು ಬಟ್ಟಲು ಕುಡಿದು ಪಾತ್ರೆಯ ತಳ ಕೆರೆಯುತ್ತಿದ್ದ ಹುಡುಗ ಅವನು.

"ಏಮರಿ, ನಿನಗೆ ಅರ್ಥ ಆಯ್ತಾ ಅದು?" ಲೊರೇನ್ ಕೇಳಿದಳು.

"ಹೂಂ. ಆಗ್ತಾ ಇದೆ."

"ಪರೀಕ್ಷೆ ಹೇಗಾಯ್ತು?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಎಷ್ಟು?"

"ಅಮ್ಮ, ಸೂಪ್ ತಣ್ಣಗಾಗ್ತಿದೆ," ಎಂದು ಮಾರ್ಗೊ ಅಡ್ಡ ಬಂದಳು. ಇವನಿಗಿಂತ ಹನ್ನೊಂದು ನಿಮಿಷ ದೊಡ್ಡವಳು ಅವಳು, ಆ ಹನ್ನೊಂದು ನಿಮಿಷದ ದೊಡ್ಡಸ್ತಿಕೆಯನ್ನು ಯಾವತ್ತೂ ಬಿಟ್ಟುಕೊಟ್ಟವಳಲ್ಲ.

ಆ ವಾರದಿಂದ ಒಲೆಯ ಕಡೆ ರಬ್ಬರಿನ ಪುಡಿ ಬೀಳುವುದು ನಿಂತಿತು. ಮೆಮೇರ್ ಎರಡು ದಿನ ನೋಡಿದರು, ಮೂರನೇ ದಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅವನ ಪಕ್ಕ ಕೂತರು. ಮಾರ್ಗೊ ಆಗ ಫೋನಿನಲ್ಲಿದ್ದಳು.

"ನಿನಗೆ ಲೆಕ್ಕ ಬಂದ್ಬಿಡ್ತೋ, ಇಲ್ಲ ಲೆಕ್ಕ ಮಾಡೋದೇ ಬಿಟ್ಬಿಟ್ಯೋ?"

ಏಮರಿ ತಲೆ ಎತ್ತಲಿಲ್ಲ. "ಅಮ್ಮಂಗೆ ಹೇಳ್ಬೇಡಿ ಮೆಮೇರ್."

"ನಾನೇನ್ ಹೇಳ್ಲಿ? ನನಗೆ ಏಣಿನೂ ಗೊತ್ತಿಲ್ಲ, ಗೋಡೆನೂ ಗೊತ್ತಿಲ್ಲ. ತಪ್ಪು ಮಾಡೋನ ಮೇಜು ಹೇಗಿರತ್ತೆ ಅಂತ ಮಾತ್ರ ಗೊತ್ತು." ಹೆಗಲ ಮೇಲಿನ ಬಟ್ಟೆ ತೆಗೆದು ಮಡಿಸುತ್ತ ಅವರೇ ಅಂದರು, "ಫ್ಯಾಕ್ಟರಿಲಿ ನನ್ನ ತಂಗಿ ಜಾನ್ವಿಯೆವ್ ಪಕ್ಕದಲ್ಲೇ ಕೂತ್ಕೋತಿದ್ಲು. ಕೈ ನಿಧಾನ. ನಾನು ಹೊಲಿದ ಶೂಗಳಲ್ಲಿ ದಿನಾ ನಾಲ್ಕೈದು ಜೊತೆ ಅವಳ ಪೆಟ್ಟಿಗೆಗೆ ಹಾಕ್ತಿದ್ದೆ."

"ಸಿಕ್ಕಿಬಿದ್ರಾ?"

"ಇಲ್ಲ. ಎಂಟು ವರ್ಷ ಹಾಗೇ ನಡೀತು. ಅವಳಿಗೆ ಹೊಲಿಗೆ ಬರಲೇ ಇಲ್ಲ ಅಷ್ಟೇ."

ಅದನ್ನು ಅವರು ಹೆಮ್ಮೆಯಿಂದ ಹೇಳಿದರೋ ಬೇಜಾರಿನಿಂದಲೋ ಏಮರಿಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ಮಕ್ಕಳ ಅಂಕಗಳನ್ನು ತಂದೆತಾಯಿ ಫೋನಿನಲ್ಲೇ ನೋಡುವ ವ್ಯವಸ್ಥೆ ಈಗ ಎಲ್ಲ ಶಾಲೆಯಲ್ಲೂ ಇದೆ. ಲೊರೇನ್ ಅದನ್ನು ದಿನಕ್ಕೆ ಹತ್ತು ಸಲ ತೆರೆಯುವವಳು. ಮಿಸ್ ಕಿಂಬಲ್ ಮಾತ್ರ ಅಂಕ ಹಾಕುವುದು ನಿಧಾನ. ಐದನೇ ವಾರದ ಮಂಗಳವಾರ ಎಲ್ಲ ಒಟ್ಟಿಗೆ ಬಂದವು. ಮಾರ್ಗೊ, ಪರೀಕ್ಷೆಗಳು ತೊಂಬತ್ನಾಲ್ಕು, ತೊಂಬತ್ತಾರು, ತೊಂಬತ್ತೊಂದು. ಏಮರಿ, ಐವತ್ತೆಂಟು, ಐವತ್ತೊಂದು, ನಲವತ್ತಾರು. ಯಾರದೋ ಹಲ್ಲಿಗೆ ಹತ್ತಿ ಇಟ್ಟು ಬಂದವಳು ಔಷಧದ ಕೋಣೆಯಲ್ಲಿ ನಿಂತು ಅದನ್ನು ನೋಡಿದಳು.

ಅವತ್ತು ಊಟಕ್ಕೆ ಮ್ಯಾಕರೋನಿ, ಗೋಮಾಂಸ, ಟೊಮ್ಯಾಟೊ ಎಲ್ಲ ಒಟ್ಟಿಗೆ ಬೇಯಿಸಿದ್ದು. ತಟ್ಟೆಗೆ ಬಡಿಸುವ ಮೊದಲೇ ಲೊರೇನ್ ಶುರು ಮಾಡಿದಳು.

"ಪರವಾಗಿಲ್ಲ ಅಂದ್ಯಲ್ಲ. ನಲವತ್ತಾರಕ್ಕೆ ಪರವಾಗಿಲ್ಲ ಅಂತಾರಾ?"

ಏಮರಿ ಫೋರ್ಕು ಕೆಳಗಿಟ್ಟ. "ನಾನು ಎ.ಬಿ.ಗೆ ಹೋಗ್ತೀನಿ ಅಮ್ಮ. ಶುಕ್ರವಾರದವರೆಗೂ ಬದಲಾಯಿಸ್ಕೋಬಹುದು. ನಮ್ಮ ಕ್ಲಾಸಿನ ಜೋಯಲ್ ಬದಲಾಯಿಸ್ಕೊಂಡ."

"ನಾಲ್ಕು ವಾರಕ್ಕೇ ಕೈ ಎತ್ತೋದಾ? ಒಬ್ಬರನ್ನ ಮನೆಗೆ ಕರೆಸಿ ಹೇಳಿಸೋಣ. ನಮ್ಮ ಕ್ಲಿನಿಕ್ಕಿನ ಸಿಲ್ವಿ ಮಗ ಕಾಲೇಜಲ್ಲಿ ಗಣಿತ ಓದ್ತಿದಾನೆ."

"ಹೇಳಿಸಿದ್ರೆ ಅರ್ಥ ಆಗತ್ತೆ. ಅರ್ಥ ಆಗೋಷ್ಟರಲ್ಲಿ ಅವರು ಮುಂದಿನ ಪಾಠಕ್ಕೆ ಹೋಗಿರ್ತಾರೆ. ನನಗೆ ಲೆಕ್ಕ ಬರಲ್ಲ ಅಂತಲ್ಲ ಅಮ್ಮ. ಅಷ್ಟು ಬೇಗ ಬರಲ್ಲ."

"ಹಡಗಿನ ಕಾಲೇಜಿನೋರು ಏನಂತಾರೆ?"

"ಅವರಿಗೆ ಎ.ಬಿ. ಸಾಕು. ಮಾರ್ಚಿಲೇ ಸಾಕಿತ್ತು. ನೀನು ರುಜು ಹಾಕಿದ ವಾರ ನಾನು ಐಸ್-ಹಾಕಿ ಮ್ಯಾಚ್ ಆಡ್ತಿದ್ದೆ, ನನ್ನ ಯಾರೂ ಕೇಳ್ಲಿಲ್ಲ."

ಹುಡುಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕರಾವಳಿಯ ಹಡಗು ವಿದ್ಯಾಲಯಕ್ಕೆ ಸೇರಿ ಇಂಜಿನಿಯರಾಗಬೇಕು ಎನ್ನುವುದು ಅವನಿಗೆ ಎಂಟನೇ ವಯಸ್ಸಿನಿಂದ ಇದ್ದ ಆಸೆ. ಅರ್ಜಿ ನವೆಂಬರಿನಲ್ಲಿ ಹೋಗಬೇಕು. ಮೊದಲ ಎರಡು ತಿಂಗಳ ಅಂಕವೂ ಅದರ ಜೊತೆ ಹೋಗುತ್ತದೆ. ಗಣಿತದಲ್ಲಿ ಕೆಳಗೆ ಬಿದ್ದವನನ್ನು ಯಾವ ಹಡಗಿನವರೂ ಇಂಜಿನ್ ಕೋಣೆಗೆ ಬಿಡುವುದಿಲ್ಲ.

ಗಿಲ್ ತಟ್ಟೆಯಿಂದ ಕಣ್ಣೆತ್ತದೆ ಅಂದ, "ನಾಳೆ ಶಾಲೆಗೆ ಹೋಗಿ ಮಾತಾಡು ಲೊರೇನ್."

ಮಾತಾಡಿದಳು. ಮಕ್ಕಳ ಓದಿನ ಸಲಹೆಗಾರ ಮಿಸ್ಟರ್ ಡೆಲಾನೊ ಹಳದಿ ಕಾಗದವನ್ನು ಕಡತದಿಂದ ತೆಗೆದು ಅವಳ ಕಡೆ ತಿರುಗಿಸಿ, ಆ ಮೂರು ಸಾಲಿನ ಮೇಲೆ ಬೆರಳಿಟ್ಟರು. ಮೇಷ್ಟ್ರ ಅಭಿಪ್ರಾಯ ಮೀರಿ ಸೇರಿಸಿದ ಮಗುವನ್ನು ಜನವರಿಯವರೆಗೆ ಕೆಳಗಿನ ತರಗತಿಗೆ ಬದಲಾಯಿಸುವಂತಿಲ್ಲ.

"ಶುಕ್ರವಾರದವರೆಗೆ ಅಂದನಲ್ಲ ನನ್ನ ಮಗ."

"ಅದು ಉಳಿದ ಮಕ್ಕಳಿಗೆ. ಮಾರ್ಗೊ ಬೇಕಾದ್ರೆ ಇವತ್ತೇ ಬದಲಾಯಿಸ್ಕೋಬಹುದು."

"ಮಾರ್ಗೊಗೆ ಯಾಕ್ರೀ ಬೇಕು?"

"ಅದೇ ಹೇಳ್ತಿರೋದು," ಎಂದರು ಅವರು. ಕೆಟ್ಟ ಮನುಷ್ಯರಲ್ಲ. ಕಂಪ್ಯೂಟರಿನ ಕಡೆ ಬಗ್ಗಿ ನೋಡಿ ದನಿ ತಗ್ಗಿಸಿದರು. "ವಿಶೇಷ ಸಂದರ್ಭ ಅಂತ ಸಮಿತಿ ಮುಂದೆ ಇಡಬಹುದು. ಎಷ್ಟು ಕಷ್ಟಪಟ್ರೂ ಮಗು ಕೈಲಿ ಆಗ್ತಿಲ್ಲ ಅಂತ ಕಾಣಿಸಿದ್ರೆ ಒಪ್ತಾರೆ. ಇಲ್ಲಿ ಹಾಗೆ ಕಾಣಿಸ್ತಿಲ್ಲ. ನೋಡಿ, ಮನೆಗೆಲಸದಲ್ಲಿ ಅವನಿಗೆ ತೊಂಬತ್ತೇಳು. ಮನೇಲಿ ಇಷ್ಟು ಚೆನ್ನಾಗಿ ಮಾಡೋನು ಪರೀಕ್ಷೆಲಿ ಬೇಕಂತಲೇ ಬರೀತಿಲ್ಲ ಅಂತಾರೆ."

ಲೊರೇನ್ ಆ ಸಂಖ್ಯೆಯನ್ನು ನೋಡಿದಳು. ಪಕ್ಕದಲ್ಲಿ ಮಾರ್ಗೊದೂ ನೆನಪಾಯಿತು. ಅದೂ ತೊಂಬತ್ತೇಳು. ಈಚಿನ ಒಂದೊಂದು ದಿನದ ಅಂಕವೂ ಒಂದೇ, ಕಳೆದುಕೊಂಡದ್ದೂ ಒಂದೇ ಜಾಗದಲ್ಲಿ. ಮಕ್ಕಳಿಬ್ಬರಿಗೂ ಎಲ್ಲವೂ ಒಂದೇ ಇರಬೇಕೆಂದು ಬಯಸಿದವಳು ಹಳದಿ ಕಾಗದವನ್ನು ಅವರ ಕಡೆಗೇ ತಳ್ಳಿ ಎದ್ದಳು.

ಅವತ್ತು ಬುಧವಾರ. ಮೆಮೇರ್ ಮೀನಿನ ಸೂಪು ಮಾಡಿದ್ದರು. ಎಲ್ಲರೂ ಕೂತ ಮೇಲೆ ಲೊರೇನ್ ಕೇಳಿದಳು, "ಮನೆಗೆಲಸ ಯಾರು ಮಾಡ್ತಿದ್ದೀರಿ?"

ಮೆಮೇರ್ ಎದ್ದು ಮೆಣಸಿನ ಡಬ್ಬಿ ಹುಡುಕಲು ಹೋದರು. ಅದು ಮೇಜಿನ ಮೇಲೇ ಇತ್ತು.

"ನಾನು," ಎಂದಳು ಮಾರ್ಗೊ. "ಮೊದಲು ಹೇಳಿಕೊಡ್ತಿದ್ದೆ. ಆಮೇಲೆ ಹೊತ್ತಾಗ್ತಿತ್ತು. ನನ್ನ ಪುಸ್ತಕ ಅವನ ಕಡೆ ತಿರುಗಿಸಿ ಇಡ್ತಿದ್ದೆ."

"ನಾನೇ ಕೇಳಿದ್ದು," ಎಂದ ಏಮರಿ.

"ನೀನು ಕೇಳ್ಲಿಲ್ಲ. ನಾನೇ ಕೊಟ್ಟೆ."

"ಎಷ್ಟು ದಿನದಿಂದ?" ಎಂದ ಗಿಲ್. ಅವನು ದನಿ ಏರಿಸುವವನಲ್ಲ, ಅವತ್ತೂ ಏರಿಸಲಿಲ್ಲ.

"ಒಂಬತ್ತು ಸಲ."

"ನಾಳೆ ಇಬ್ಬರೂ ಹೋಗಿ ಆ ಮೇಡಮ್‌ಗೆ ಹೇಳ್ತೀರಿ. ಮನೆಗೆಲಸ ಇವನದಲ್ಲ ಅಂತ ಗೊತ್ತಾದ್ರೆ ಇವನ ಕೈಲಿ ಆಗ್ತಿಲ್ಲ ಅನ್ನೋದೂ ಗೊತ್ತಾಗತ್ತೆ. ಇವನು ಆಚೆ ಬರ್ತಾನೆ. ಶಿಕ್ಷೆ ಏನು ಕೊಡ್ತಾರೋ ಇಬ್ಬರೂ ತಿನ್ನಿ."

"ಹೇಳ್ತೀನಪ್ಪ," ಎಂದಳು ಮಾರ್ಗೊ.

"ಯಾರೂ ಹೇಳೋದಿಲ್ಲ." ಲೊರೇನ್ ಇದನ್ನು ಎಷ್ಟು ಬೇಗ ಅಂದಳೆಂದರೆ ಮಗಳ ಮಾತು ಇನ್ನೂ ಮುಗಿದಂತಿರಲಿಲ್ಲ. "ಮಾರ್ಗೊಗಾಗಿ ಕಾಲೇಜಿಗೆ ಶಿಫಾರಸು ಪತ್ರ ಬರೀತಿರೋದು ಮಿಸ್ ಕಿಂಬಲ್. ನವೆಂಬರ್ ಒಂದಕ್ಕೆ ಹೋಗ್ಬೇಕು. ನಕಲು ಮಾಡಿಸಿದೋಳು ಅಂತ ಗೊತ್ತಾದ್ರೆ ಆ ಪತ್ರ ಮುಗೀತು. ಅವಳ ಮೂರು ವರ್ಷ ಮುಗೀತು. ಏಮರಿ ಜನವರಿವರೆಗೂ ಹೇಗೋ ತಡ್ಕೋತಾನೆ."

"ಹೇಗೋ ಅಂದ್ರೆ?" ಗಿಲ್ ಕೇಳಿದ.

"ಹೇಗೋ."

ಏಮರಿ ಅಮ್ಮನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಚಮಚ ತೆಗೆದುಕೊಂಡು ಸೂಪು ಕುಡಿಯಲು ಶುರು ಮಾಡಿದ. "ಸರಿ," ಎಂದ. ಹದಿನೇಳು ವರ್ಷ ತಕ್ಕಡಿ ಹಿಡಿದು ಕೂತಿದ್ದ ತಾಯಿ ಅರೆಗಳಿಗೆಯಲ್ಲಿ ಒಂದು ಕಡೆ ತೂಗಿದ್ದಳು. ಅದು ಅವಳಿಗೇ ಗೊತ್ತಾಗಿರಲಿಲ್ಲ. ಉಳಿದ ನಾಲ್ವರಿಗೂ ಗೊತ್ತಾಯಿತು.

ಗುರುವಾರ ಲೊರೇನ್ ಕೆಲಸದಲ್ಲಿ ಎರಡು ಸಲ ತಪ್ಪು ಸಲಕರಣೆ ಎತ್ತಿಕೊಟ್ಟಳು. ಶುಕ್ರವಾರ ಮಧ್ಯಾಹ್ನ ಬೇಗ ಮನೆಗೆ ಬಂದು ಸುಮ್ಮನೆ ಬಟ್ಟೆ ಮಡಿಸುತ್ತಿದ್ದಳು. ಶನಿವಾರಕ್ಕೆಂದು ಮೆಮೇರ್ ಬೀನ್ಸ್ ಆರಿಸುತ್ತಿದ್ದರು. ಮೂರು ಗಂಟೆಗೆ ಮಾರ್ಗೊ ಒಬ್ಬಳೇ ಬಂದಳು. ಬ್ಯಾಗು ಕೂಡ ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಏಮರಿನ ಎರಡನೇ ಪೀರಿಯಡ್ ಆದ್ಮೇಲೆ ಪ್ರಿನ್ಸಿಪಾಲರು ಕರೆಸಿದ್ರು. ಅವನು ವಾಪಸ್ ಬರಲೇ ಇಲ್ಲ."

"ಯಾಕಂತೆ?"

"ಗೊತ್ತಿಲ್ಲ ಅಮ್ಮ. ನನ್ನ ಕಡೆ ನೋಡ್ಲೂ ಇಲ್ಲ."

ಅಷ್ಟರಲ್ಲಿ ಫೋನು ಬಂತು. ಪ್ರಿನ್ಸಿಪಾಲರೇ. ಲೊರೇನ್ ಕೇಳಿಸಿಕೊಳ್ಳುತ್ತ ಹೋದ ಹಾಗೆ ಕೈಯಲ್ಲಿದ್ದ ಟವೆಲನ್ನು ಮಡಿಸುತ್ತಲೇ ಇದ್ದಳು, ಅದು ಮಡಿಸಲಾರದಷ್ಟು ಚಿಕ್ಕದಾಗುವವರೆಗೂ. ಏಮರಿ ತಾನಾಗಿಯೇ ಮಿಸ್ ಕಿಂಬಲ್ ಹತ್ತಿರ ಹೋಗಿದ್ದ. ಅಕ್ಕ ನೋಡದಿದ್ದಾಗ ಅವಳ ಬ್ಯಾಗಿನಿಂದ ಪುಸ್ತಕ ತೆಗೆದು ಒಂಬತ್ತು ಸಲ ನಕಲು ಮಾಡಿದೆ ಎಂದು ಹೇಳಿ, ಬರೆದೂ ಕೊಟ್ಟಿದ್ದ. ಒಂಬತ್ತಕ್ಕೂ ಸೊನ್ನೆ. ಎರಡು ದಿನ ತರಗತಿಯಿಂದ ಹೊರಗೆ. ಶಾಲೆಯ ದಾಖಲೆಯಲ್ಲಿ ಒಂದು ಸಾಲು. ಮಿಸ್ ಕಿಂಬಲ್ ಅವನನ್ನು ತಮ್ಮ ತರಗತಿಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲವಾದ್ದರಿಂದ ಬುಧವಾರದಿಂದ ಎ.ಬಿ., ಐದನೇ ಪೀರಿಯಡ್ಡು.

"ಒಂದು ವಿಷಯ ನಿಮ್ಮಿಂದ ಖಚಿತ ಮಾಡ್ಕೋಬೇಕಿತ್ತು," ಎಂದಿತು ಫೋನಿನ ದನಿ. "ಮಾರ್ಗೊಗೆ ಇದು ಗೊತ್ತಿತ್ತಾ?"

ಮಾರ್ಗೊ ಎರಡು ಮಾರು ದೂರದಲ್ಲಿ ನಿಂತಿದ್ದಳು. ಅವಳಿಗೆ ಆ ಕಡೆಯ ದನಿಯೂ ಕೇಳುತ್ತಿತ್ತು. ಲೊರೇನ್ ಗೋಡೆಯ ಕಡೆ ತಿರುಗಿಕೊಂಡಳು.

"ಇಲ್ಲ," ಎಂದಳು. "ಅವಳಿಗೆ ಏನೂ ಗೊತ್ತಿರಲಿಲ್ಲ."

ಮೆಮೇರ್ ಬೀನ್ಸಿನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಆ ಸಂಜೆಯ ಊಟದಲ್ಲಿ ನಾಲ್ಕು ಜನ ಬಡಿಸಿಕೊಂಡದ್ದನ್ನು ಕಲಸುತ್ತ ಕೂತರು. ಏಮರಿಯೊಬ್ಬನೇ ತಿಂದ. ಆಲೂಗಡ್ಡೆ ಎರಡನೇ ಸಲ ಹಾಕಿಸಿಕೊಂಡ.

"ನಾನು ಸೋಮವಾರ ಹೋಗಿ ನಿಜ ಹೇಳ್ತೀನಿ," ಎಂದಳು ಮಾರ್ಗೊ. ಅತ್ತು ಅವಳ ಕಣ್ಣು ಊದಿತ್ತು.

"ಹೇಳಿದ್ರೆ ನಾನು ನಕಲು ಮಾಡ್ದೋನು ಮಾತ್ರ ಅಲ್ಲ, ಸುಳ್ಳುಗಾರನೂ ಆಗ್ತೀನಿ. ಅಮ್ಮನೂ ಆಗ್ತಾಳೆ. ಸುಮ್ನೆ ಊಟ ಮಾಡೇ."

"ನಿನ್ನ ಹಡಗಿನ ಕಾಲೇಜು?"

"ಅರ್ಜಿಲಿ ಕೇಳ್ತಾರೆ, ಶಿಕ್ಷೆ ಆಗಿದ್ಯಾ ಅಂತ. ಹೌದು ಅಂತ ಬರೀತೀನಿ. ಕೆಳಗೆ ನಾಲ್ಕು ಸಾಲು ಜಾಗ ಕೊಟ್ಟಿದಾರೆ."

"ತಗೊಳ್ತಾರಾ?"

"ಗೊತ್ತಿಲ್ಲ. ಆ ಕ್ಲಾಸಿಂದ ಆಚೆ ಬರೋಕೆ ಬೇರೆ ಬಾಗಿಲಿರಲಿಲ್ಲ." ಅವನು ಉಪ್ಪಿನ ಡಬ್ಬಿ ತೆಗೆದುಕೊಂಡ. "ಒಬ್ಬರ ಹೆಸರು ಸಾಕಿತ್ತು. ಇಬ್ಬರದು ಯಾಕೆ?"

ಗಿಲ್ ಎದ್ದು, ಮಗನ ಹಿಂದೆ ಹೋಗಿ, ಅವನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಹೊರಗೆ ನಡೆದ. ಹೆಂಡತಿಯ ಜೊತೆ ಮೂರು ದಿನ ಮಾತಾಡಲಿಲ್ಲ.

ಮುಂದಿನ ಎರಡು ವಾರ ಮನೆ ಮೇಲುನೋಟಕ್ಕೆ ನೆಟ್ಟಗಿತ್ತು. ಏಮರಿಯ ಕಡೆಯ ಮೇಜಿನ ಮೇಲೆ ರಬ್ಬರಿನ ಪುಡಿ ಮತ್ತೆ ಬಿತ್ತು, ಮೊದಲಿನಷ್ಟಲ್ಲ. ಎ.ಬಿ.ಯ ಮೊದಲ ಪರೀಕ್ಷೆಯಲ್ಲಿ ಎಂಬತ್ನಾಲ್ಕು ಬಂತು. ಬಿ.ಸಿ.ಯ ಹಳೆಯ ಅಂಕಗಳು ಬಾಲದ ಹಾಗೆ ಜೊತೆಗೇ ಬಂದಿದ್ದರಿಂದ ಒಟ್ಟು ಲೆಕ್ಕದಲ್ಲಿ ಇನ್ನೂ ಕೆಳಗೇ ಇದ್ದ. ಹೊರಗೆ ಹೋಗುವಾಗ ಶಿಳ್ಳೆ ಹಾಕುತ್ತಿದ್ದ. ಅಮ್ಮ ಏನಾದರೂ ಕೇಳಿದರೆ ಉತ್ತರ ಕೊಡುತ್ತಿದ್ದ, ಮರ್ಯಾದೆಯಿಂದ, ನೆಂಟರ ಮನೆಯಲ್ಲಿ ಕೊಡುವ ಹಾಗೆ. ಮಾರ್ಗೊ ಕಿಟಕಿಯ ಕಡೆಯ ಜಾಗ ಬಿಟ್ಟು ಮಹಡಿಯ ಮೇಲೆ ತನ್ನ ಕೋಣೆಯಲ್ಲಿ ಓದಲು ಶುರು ಮಾಡಿದಳು. ಲೊರೇನ್ ಅವನ ಡಬ್ಬಿಗೆ ದಿನಾ ಎರಡು ಸ್ಯಾಂಡ್‌ವಿಚ್ ಹೆಚ್ಚಿಗೆ ಇಡುತ್ತಿದ್ದಳು. ಒಂದು ದಿನವೂ ಅವು ವಾಪಸು ಬರಲಿಲ್ಲ, ಗೆಳೆಯರಿಗೆ ಹಂಚುತ್ತಿದ್ದ.

ಅಕ್ಟೋಬರಿನ ಕೊನೆಯ ಗುರುವಾರ ತಂದೆತಾಯಿಗಳು ಮೇಷ್ಟ್ರುಗಳನ್ನು ಕಾಣುವ ದಿನ. ಒಬ್ಬೊಬ್ಬರಿಗೆ ಐದು ನಿಮಿಷ, ಮುಂಚೆಯೇ ಹೆಸರು ಬರೆಸಿರಬೇಕು. ಗಿಲ್ ಬರುವುದಿಲ್ಲ ಎಂದ. "ಅಲ್ಲಿ ಕೂತು ನಾನೇನ್ ಮಾತಾಡ್ಲಿ?"

ಮಿಸ್ ಕಿಂಬಲ್ ಲೊರೇನಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಾರ್ಗೊ ಪತ್ರ ಸೋಮವಾರವೇ ಕಳಿಸ್ಬಿಟ್ಟೆ. ಗಣಿತದ ಬಗ್ಗೆ ಎಲ್ಲಾರೂ ಬರೀತಾರೆ. ನಾನು ಅವಳ ಪ್ರಾಮಾಣಿಕತೆ ಬಗ್ಗೆ ಬರೆದೆ. ತಮ್ಮ ಅವಳ ಕೆಲಸ ಕದ್ದ ಮೇಲೂ ಅವನ ಬಗ್ಗೆ ಒಂದು ಕೆಟ್ಟ ಮಾತಾಡ್ಲಿಲ್ಲ ನೋಡಿ. ಅದಾದ ಸೋಮವಾರ ಬಂದು ನನ್ನ ಮುಂದೆ ಅತ್ಲು, ಅವನಿಗೋಸ್ಕರ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಒಳ್ಳೆ ಪತ್ರ ನಾನು ಯಾರಿಗೂ ಬರೆದಿಲ್ಲ."

ಬಾಗಿಲ ಹೊರಗೆ ಮುಂದಿನ ತಂದೆತಾಯಿ ಕಾಯುತ್ತಿದ್ದರು. ಈಗ ಹೇಳಬಹುದು ಎಂದು ಲೊರೇನಳಿಗೆ ಅನ್ನಿಸಿತು. ನಾಲಿಗೆಯ ತುದಿಯವರೆಗೂ ಬಂತು.

"ತುಂಬಾ ಥ್ಯಾಂಕ್ಸ್," ಎಂದಳು.

ಕಾರಿನಲ್ಲಿ ಕೂತ ಮೇಲೆಯೇ ಅವಳಿಗೆ ಎ.ಬಿ. ಮೇಷ್ಟ್ರ ನೆನಪಾದದ್ದು. ಅವರ ಪಟ್ಟಿಯಲ್ಲಿ ಹೆಸರೇ ಬರೆಸಿರಲಿಲ್ಲ. ಅವರ ಹೆಸರೇನೆಂದೂ ಗೊತ್ತಿರಲಿಲ್ಲ. ಒಂದು ಸಲ ಕಾರಿನಿಂದ ಇಳಿದು, ಶಾಲೆಯ ಬಾಗಿಲವರೆಗೂ ಹೋಗಿ, ಒಳಗಿನ ಜನಜಂಗುಳಿ ನೋಡಿ ಹಿಂತಿರುಗಿ ಬಂದಳು.

ಮನೆಯಲ್ಲಿ ಅವಳಿಗಾಗಿ ಊಟ ತಡೆದಿಟ್ಟಿದ್ದರು. ಎಲ್ಲರೂ ಕೂತರು.

"ಏನಂದ್ರು?" ಎಂದ ಗಿಲ್.

"ಪತ್ರ ಹೋಗಿದ್ಯಂತೆ. ಚೆನ್ನಾಗಿ ಬರೆದಿದಾರಂತೆ."

"ಏನಂತ ಬರೆದಿದಾರೆ?" ಎಂದಳು ಮಾರ್ಗೊ.

"ಒಳ್ಳೆ ಹುಡುಗಿ ಅಂತ." ಅದಕ್ಕಿಂತ ಹೆಚ್ಚು ಹೇಳಲು ಅವಳಿಂದಾಗಲಿಲ್ಲ. ಮಗಳು ತಟ್ಟೆ ನೋಡುತ್ತ ಕೂತಳು. ಅದನ್ನು ನೋಡಲಾರದೆ ಲೊರೇನ್ ಏಮರಿಯ ಕಡೆ ತಿರುಗಿದಳು. "ನಿನ್ನ ಎ.ಬಿ. ಮೇಷ್ಟ್ರನ್ನೂ ನೋಡಿದೆ ಕಣೋ."

"ಹೌದಾ?" ಏಮರಿ ತಲೆಯೆತ್ತಿದ. ಎಷ್ಟೋ ದಿನದ ಮೇಲೆ ನೇರ ಅವಳ ಮುಖ ನೋಡಿದ. "ಏನಂದ್ರು?"

"ತುಂಬಾ ಮೆಚ್ಕೊಂಡ್ರು. ಶ್ರದ್ಧೆ ಇದೆ ಹುಡುಗನಿಗೆ ಅಂದ್ರು. ಎಂಬತ್ನಾಲ್ಕು ತೋರಿಸಿದ್ರು."

ಏಮರಿ ಚಮಚ ಕೆಳಗಿಟ್ಟ.

"ಅವರಿಗೆ ಮಗು ಹುಟ್ಟಿದೆ ಅಮ್ಮ," ಎಂದ. "ಸೋಮವಾರದಿಂದ ರಜದಲ್ಲಿದಾರೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬ್ರೆಡ್ಡಿನ ತಟ್ಟೆ ಅವಳಿಗೆ ದೂರವಿತ್ತು, ಅದನ್ನು ಅವಳ ಕಡೆ ಸರಿಸಿದ.